ಕಾರಣಕ್ಕೂ ಮೊದಲು ಸಾವಿನ ಲೆಕ್ಕ ಸಿಗಲಿ

ಮಾನ್ಯ ಸಂಪಾದಕರೇ,

ಎಲ್ಲಿ ಯುವಕನೊಬ್ಬ ಹಠಾತ್ತನೆ ತೀರಿಕೊಂಡರೂ ನಮ್ಮ ಹಾಸನ ಜಿಲ್ಲೆಯ ಹೆಸರು ಬರುತ್ತದೆ, ಅದರ ಹಿಂದೆಯೇ ಕೋವಿಡ್ ಲಸಿಕೆಯೇ ಕಾರಣವೆಂಬ ಮಾತು. 2025ರ ಮೇ–ಜೂನ್‌ನಲ್ಲಿ ‘ಹೃದಯಾಘಾತಕ್ಕೆ ಮತ್ತೊಂದು ಬಲಿ’ ಎಂಬ ಸುದ್ದಿಗಳನ್ನು ಓದಿ ಹೆದರಿದ ಜನ ಜಯದೇವ ಆಸ್ಪತ್ರೆಗಳಿಗೆ ಮುಗಿಬಿದ್ದಿದ್ದರು. ಸರ್ಕಾರದ ತಜ್ಞರ ಸಮಿತಿ ಇಲ್ಲಿನ 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಉಳಿದ 20ರಲ್ಲೂ ಎಲ್ಲಕ್ಕೂ ಶವಪರೀಕ್ಷೆ ಆಗಿರಲಿಲ್ಲ.

ಆರೋಗ್ಯ ನಿರೀಕ್ಷಕನಾಗಿ ಹಳ್ಳಿಗಳನ್ನು ಸುತ್ತಿದ ನನಗೆ ಇದು ಹೊಸತಲ್ಲ. ಮನೆಯಲ್ಲಿ ಸತ್ತವರ ವಿವರವನ್ನು ಸಾವು ನೋಂದಾಯಿಸುವವರಿಗೆ ಹೇಳುವವರು ಮನೆಯವರೇ. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವೆಂದರೆ ‘ಸಾವಿಗೆ ಕಾರಣ’ದ ಮುಂದೆ ‘ಹೃದಯಾಘಾತ’. ಸಕ್ಕರೆ ಕಾಯಿಲೆಗೆ ಮಾತ್ರೆ ಬಿಟ್ಟಿದ್ದರೇ, ಮೂತ್ರಪಿಂಡ ಕೆಟ್ಟಿತ್ತೇ, ಹಾವು ಕಚ್ಚಿತ್ತೇ ಎಂದು ಕೇಳುವವರಿಲ್ಲ. ಪೊಲೀಸರ ವಿಚಾರಣೆ, ಶವಪರೀಕ್ಷೆ ಬೇಡವೆಂದು ಮನೆಯವರು ವಿಷ ಕುಡಿದ ಸಾವನ್ನೂ ಹೀಗೆ ಬರೆಸಿದ್ದನ್ನು ಕಂಡಿದ್ದೇನೆ. ಆ ಕುಟುಂಬಗಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಂಥ ಬರಹವನ್ನೇ ಕೂಡಿಸಿ ಪಟ್ಟಿ ಮಾಡಿದರೆ ಅದು ಪುರಾವೆಯಾಗುವುದು ಹೇಗೆ? ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ 22.5ರಷ್ಟನ್ನು ಮಾತ್ರ.

‘ಸತ್ತವನು ಲಸಿಕೆ ಹಾಕಿಸಿಕೊಂಡಿದ್ದ’ ಎನ್ನುತ್ತಾರೆ. ವಯಸ್ಕರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಕಿಸಿಕೊಂಡಿದ್ದಾರಲ್ಲ! ಬದುಕಿರುವವರ ಜೊತೆ ಹೋಲಿಸದೆ ಆ ಮಾತಿಗೆ ಬೆಲೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿದ್ದು ಆ ಹೋಲಿಕೆಯನ್ನೇ. 18ರಿಂದ 45 ವರ್ಷದೊಳಗೆ ಹಠಾತ್ತನೆ ಸತ್ತ 729 ಮಂದಿಯನ್ನು ಅದೇ ವಯಸ್ಸಿನ, ಅದೇ ನೆರೆಹೊರೆಯ 2,916 ಮಂದಿಯ ಜೊತೆ ಹೋಲಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅದು ಕಡಿಮೆಯೇ ಇತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಇಂಥ ಸಾವು ಕಂಡವರಲ್ಲಿ, ಸಾವಿನ ಹಿಂದಿನ ಎರಡು ದಿನಗಳಲ್ಲಿ ವಿಪರೀತ ಕುಡಿದವರಲ್ಲಿ ಹೆಚ್ಚಿತ್ತು.

ಹಾಗೆಂದು ‘ಎಲ್ಲ ಜೀವನಶೈಲಿಯ ದೋಷ’ ಎಂದು ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಜಯದೇವ ಆಸ್ಪತ್ರೆಗಳ ಅಂಕಿಅಂಶ ನೋಡಿ ಪ್ರಕರಣಗಳು ಏರಿಲ್ಲವೆಂದು ಸಮಿತಿ ಹೇಳಿತು. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಹೊಲದಲ್ಲಿ, ಆಟೊದಲ್ಲಿ ಕುಸಿದವರು ಆ ಲೆಕ್ಕಕ್ಕೆ ಬರುವುದಿಲ್ಲ. ಜಿಲ್ಲೆಯಲ್ಲಿ 45ರೊಳಗಿನವರು ವರ್ಷಕ್ಕೆ ಎಷ್ಟು ಮಂದಿ ಸಾಯುತ್ತಿದ್ದರು, ಈಗ ಎಷ್ಟು? ಇದು ಗೊತ್ತಾಗದೆ ಏರಿತು, ಏರಲಿಲ್ಲ ಎಂಬ ಎರಡೂ ಮಾತು ಅವಸರದವು.

ಹಠಾತ್ ಸಾವುಗಳ ಮಾಹಿತಿ ನೀಡುವುದನ್ನೂ ಶವಪರೀಕ್ಷೆಯನ್ನೂ ಕಡ್ಡಾಯ ಮಾಡುವುದಾಗಿ ಸರ್ಕಾರ ಆಗ ಹೇಳಿತ್ತು. ಹಾಸನದಲ್ಲಿ ಈವರೆಗೆ ಅಂಥ ಎಷ್ಟು ಶವಪರೀಕ್ಷೆಗಳಾಗಿವೆ, ಏನು ಕಂಡುಬಂತು ಎಂಬುದನ್ನು ಆರೋಗ್ಯ ಇಲಾಖೆ ತಾಲ್ಲೂಕುವಾರು ಪ್ರಕಟಿಸಲಿ. 2015ರಿಂದೀಚಿನ ಸಾವಿನ ನೋಂದಣಿ ಅಂಕಿಅಂಶಗಳನ್ನು ತಮ್ಮ ಪತ್ರಿಕೆ ಕೇಳಿ ಪಡೆದು ಅಚ್ಚುಹಾಕಲಿ.

– ನಿವೃತ್ತ ಆರೋಗ್ಯ ನಿರೀಕ್ಷಕ, ಅರಕಲಗೂಡು