ಮಕ್ಕಳ ಬೆನ್ನನ್ನೂ ಒಂದ್ಸಲ ನೋಡಿ

ಮಾನ್ಯ ಸಂಪಾದಕರೇ,

ನಾನು ಸರ್ಕಾರಿ ಪ್ರೈಮರಿ ಸ್ಕೂಲ್ ಟೀಚರ್. ವರ್ಷಕ್ಕೊಂದ್ಸಲ ನಮ್ಮ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಟೀಮ್ ಬರುತ್ತೆ, ಕಣ್ಣು, ಹಲ್ಲು, ಕಿವಿ, ತೂಕ ಎಲ್ಲಾ ನೋಡ್ತಾರೆ, ಅವರ ಕೆಲಸದ ಬಗ್ಗೆ ಗೌರವ ಇದೆ. ಆದ್ರೆ ಮಗೂನ ಅಂಗಿ ಬಿಚ್ಚಿಸಿ ಬೆನ್ನು ನೋಡಿದ್ದು ಮಾತ್ರ ನಾನು ಕಂಡಿಲ್ಲ. 2013ರಲ್ಲಿ ಶುರುವಾದ ಈ ಕಾರ್ಯಕ್ರಮದ 30 ತೊಂದರೆಗಳ ಪಟ್ಟೀಲಿ ಸೀಳುತುಟಿ, ಸೊಟ್ಟ ಪಾದ, ನರಕೊಳವೆ ದೋಷ (ಗರ್ಭದಲ್ಲೇ ಮಿದುಳು, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೇ ಇರೋದು) ಇವೆ. ಹುಟ್ಟುತ್ತಲೇ ಬೆನ್ನುಮೂಳೆ ಸೊಟ್ಟ ಇರೋ ಕಂಜೆನಿಟಲ್ ಸ್ಕೋಲಿಯೋಸಿಸ್ ಅದರಲ್ಲಿ ಹೆಸರು ಹಿಡಿದು ಇಲ್ಲ.

ನಮ್ಮಕ್ಕನ ಮಗಳಿಗೆ ಇದೇ ತೊಂದರೆ. ಎಣ್ಣೆ ತಿಕ್ಕಿ ಕಾಲ ಮೇಲೆ ಬೋರಲು ಹಾಕ್ಕೊಂಡು ನೀರು ಹಾಕ್ತಿದ್ದ ಅಜ್ಜಿಗೇ ಮೊದಲು ಕಂಡಿದ್ದು, ಬೆನ್ನಿನ ನಟ್ಟನಡುವೆ ಒಂದು ಗೊಂಚಲು ಕೂದಲು, ಒಂದು ಕಡೆ ಪಕ್ಕೆ ಸ್ವಲ್ಪ ಉಬ್ಬು. ಮನೇಲಿ ಅದೃಷ್ಟದ ಗುರುತು ಅಂದ್ರು, ತೋರಿಸಿದ ಆಸ್ಪತ್ರೇಲಿ ದೊಡ್ಡವಳಾಗ್ತಾ ಸರಿಹೋಗುತ್ತೆ ಅಂದ್ರು, ಇನ್ನೊಂದು ಕಡೆ ಬೆಲ್ಟ್ ಕೊಟ್ಟು ಕಳಿಸಿದ್ರು, ಹಂಗೇ ವರ್ಷಗಳು ಹೋದ್ವು.

ಆದ್ರೆ ಇದು ಬೆಳೀತಾ ಸರಿಹೋಗೋ ಕಾಯಿಲೆ ಅಲ್ಲ, ಎಷ್ಟೋ ಮಕ್ಕಳಲ್ಲಿ ಬೆಳೀತಾ ಜಾಸ್ತಿ ಆಗೋದು. ಗರ್ಭದ ಮೊದಲ ಆರು ವಾರದೊಳಗೇ ಬೆನ್ನಿನ ಸಾಲಲ್ಲಿ ಒಂದು ಮೂಳೆ ಅರ್ಧ ಮಾತ್ರ ರೂಪುಗೊಂಡಿರುತ್ತೆ, ಇಲ್ಲಾ ಎರಡು ಮೂರು ಮೂಳೆ ಒಂದು ಪಕ್ಕದಲ್ಲಿ ಅಂಟ್ಕೊಂಡಿರುತ್ತೆ, ಆಮೇಲೆ ಒಂದು ಪಕ್ಕ ಬೆಳೆಯುತ್ತೆ ಇನ್ನೊಂದು ಪಕ್ಕ ಬೆಳೆಯಲ್ಲ, ಬೆನ್ನು ಬಾಗ್ತಾನೇ ಹೋಗುತ್ತೆ. ಮೊದಲ ಐದು ವರ್ಷ ಮತ್ತೆ ಹರೆಯಕ್ಕೆ ಬರೋ ಹೊತ್ತು, ಇವೆರಡರಲ್ಲೇ ಜೋರು. ಹುಟ್ಟುತ್ತಲೇ ಸೊಟ್ಟ ಇರೋ ಮೂಳೇನ ಬೆಲ್ಟ್ ನೆಟ್ಟಗೆ ಮಾಡಲ್ಲ, ಉಜ್ಜಿಸಿದ್ರೂ ಆಗಲ್ಲ. ಕಿಡ್ನಿ, ಹೃದಯ ರೂಪುಗೊಳ್ಳೋದೂ ಹೆಚ್ಚುಕಮ್ಮಿ ಅದೇ ವಾರಗಳಲ್ಲಿ, ಅವುಗಳಲ್ಲೂ ದೋಷ ಇರಬಹುದು, ಅದಕ್ಕೇ ಕಿಡ್ನಿ ಸ್ಕ್ಯಾನ್, ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಬೇಕು. ಬೆನ್ನಿನ ಮೇಲಿನ ಕೂದಲ ಗೊಂಚಲು ಒಳಗಡೆ ಬೆನ್ನುಹುರೀಲೇ ದೋಷ ಇರೋದರ ಸುಳಿವು ಆಗಿರಬಹುದು, ಎಂಆರ್‌ಐ ಇಲ್ದೆ ಗೊತ್ತಾಗಲ್ಲ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ, ಎಷ್ಟೋ ಮಕ್ಕಳಿಗೆ ಆಗಾಗ ಎಕ್ಸ್‌ರೇ ತೆಗೆಸಿ ನೋಡ್ತಿದ್ರೆ ಸಾಕು. ಅರ್ಧ ಮೂಳೆ ಒಂದೇ ಇದ್ದು ಬಾಗು ಹೆಚ್ಚಾಗ್ತಾ ಇದ್ರೆ ಚಿಕ್ಕ ವಯಸ್ಸಲ್ಲೇ ಅದನ್ನ ತೆಗೆದು ಸ್ಕ್ರೂ ಹಾಕಿ ಮುಗಿಸಬಹುದು. ತಡವಾದ್ರೆ ಮೇಲಿನ ಕೆಳಗಿನ ಮೂಳೆಗಳೂ ಬಾಗಿ ಆಪರೇಷನ್ ದೊಡ್ಡದಾಗುತ್ತೆ. ಇಡೀ ಬೆನ್ನನ್ನ ಚಿಕ್ಕವಯಸ್ಸಲ್ಲೇ ಬಿಗಿಯೋ ಹಂಗೂ ಇಲ್ಲ, ಎದೆಗೂಡು ಬೆಳೀದಿದ್ರೆ ಶ್ವಾಸಕೋಶಕ್ಕೆ ಜಾಗ ಇರಲ್ಲ. ನಮ್ಮ ಹುಡುಗಿಗೆ ಈಗ ಗ್ರೋಯಿಂಗ್ ರಾಡ್, ಅಂದ್ರೆ ಮಗು ಬೆಳೆದ ಹಂಗೆ ಉದ್ದ ಮಾಡೋ ಸರಳು, ಬೆನ್ನಿಗೆ ಹಾಕಿದಾರೆ, ಆರಾರು ತಿಂಗಳಿಗೆ ಮತ್ತೆ ಥಿಯೇಟರಿಗೆ ಕರ್ಕೊಂಡು ಹೋಗಿ ಉದ್ದ ಮಾಡಿಸಬೇಕು. ಇಷ್ಟರ ಮೇಲೆ, ಬಸುರಿಲಿ ಗ್ರಹಣದ ದಿನ ಹೊರಗೆ ಬಂದಿದ್ದಕ್ಕೇ ಹಿಂಗಾಯ್ತು ಅಂತ ನಮ್ಮಕ್ಕನಿಗೆ ಚುಚ್ಚಿ ಆಡೋರು ಇನ್ನೂ ಇದಾರೆ. ಬಸುರಿ ಅಂತ ಗೊತ್ತಾಗೋ ಹೊತ್ತಿಗೇ ಆಗಿಹೋಗಿರೋ ವಿಷಯಕ್ಕೆ ತಾಯೀನ ದೂರೋದು ದಯವಿಟ್ಟು ನಿಲ್ಲಿಸಿ.

ನಾನು ಕೇಳೋದು ದೊಡ್ಡದೇನಲ್ಲ. ಚೆಕಪ್ಪಿಗೆ ಬಂದಾಗ ಹೆಣ್ಣುಮಕ್ಕಳಿಗೆ ಮರೆ ಮಾಡಿ, ಮಗೂನ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ, ಪಕ್ಕೆ ಒಂದು ಕಡೆ ಉಬ್ಬಿದ್ಯಾ, ಭುಜ ಮೇಲೆ ಕೆಳಗೆ ಇದ್ಯಾ, ಒಂದು ನಿಮಿಷದ ಕೆಲಸ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೂ ಇದನ್ನ ಹೇಳಿಕೊಡಿ, ಕೂಸಿನ ಬೆನ್ನಿಗೆ ಮೊದಲು ಕಣ್ಣು ಬೀಳೋದು ಅವರದ್ದೇ. ಅನುಮಾನ ಬಂದ ಮಕ್ಕಳನ್ನ ಜಿಲ್ಲಾಸ್ಪತ್ರೆಗೆ ಕಳಿಸಿ, ಅಲ್ಲಿಂದ ಸ್ಪೈನ್ ಸರ್ಜನ್ ಹತ್ರ ಹೋಗೋ ದಾರಿ ಮಾಡಿಕೊಡಿ. ಮತ್ತೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಲ್ಲಿ ಬಿಪಿಎಲ್ ಮನೆಯೋರಿಗೆ ವರ್ಷಕ್ಕೆ 5 ಲಕ್ಷದವರೆಗೆ ಅಂತೀರಲ್ಲ, ರಾಡ್ ಉದ್ದ ಮಾಡೋ ಪ್ರತಿ ಆಪರೇಷನ್ನಿಗೂ ಅದು ಸಿಗುತ್ತಾ ಇಲ್ವಾ ಅನ್ನೋದನ್ನ ಆರೋಗ್ಯ ಇಲಾಖೆಯೋರು ನಿಮ್ಮ ಪೇಪರಲ್ಲೇ ಸ್ಪಷ್ಟವಾಗಿ ತಿಳಿಸಲಿ.

– ಒಬ್ಬ ಶಾಲಾ ಶಿಕ್ಷಕಿ, ದಾವಣಗೆರೆ ಜಿಲ್ಲೆ