ಈ ಆಟಕ್ಕೆ ಕೊನೆ ಇದೆಯಾ ಎಂದು ಕೇಳಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ವಿಡಿಯೋ ಗೇಮ್ ಬಗ್ಗೆ ಏನಾದರೂ ಬಂದರೆ ಹೆಚ್ಚಾಗಿ ಅದು ಗೀಳಿನ ಬಗ್ಗೆಯೇ ಇರುತ್ತದೆ. ಆ ಆತಂಕ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಇದನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ಎಲ್ಲ ಆಟಗಳನ್ನೂ ಒಂದೇ ಚೀಲಕ್ಕೆ ತುಂಬಿ ಮಾತಾಡುವುದು ನನಗೆ ತುಂಬಾ ಬೇಸರ ತರುತ್ತದೆ. ಕೊನೆ ಇರುವ ಆಟ ಬೇರೆ, ಕೊನೆಯೇ ಇಲ್ಲದ ಆಟ ಬೇರೆ. ಒಂದು ಆಟವನ್ನು ಪೂರ್ತಿ ಮುಗಿಸಿದಾಗ ಸಿಗುವ ತೃಪ್ತಿಯ ಬಗ್ಗೆ ಯಾರೂ ಬರೆಯುವುದೇ ಇಲ್ಲವಲ್ಲ ಎಂದು ಈ ಪತ್ರ.

ನನಗೆ 46 ವರ್ಷ. ದಿನವಿಡೀ ಲೆಕ್ಕಪತ್ರ ನೋಡುವ ಕೆಲಸ. ಒಂದು ತಿಂಗಳ ಲೆಕ್ಕ ಮುಗಿಯುವಷ್ಟರಲ್ಲಿ ಮುಂದಿನ ತಿಂಗಳದ್ದು ಮೇಜಿನ ಮೇಲೆ ಬಂದು ಕೂತಿರುತ್ತದೆ. ಇತ್ತೀಚೆಗೆ ನಾನು 2019ರಲ್ಲಿ ಬಂದ 'ಸೆಕಿರೊ' ಆಟ ಮುಗಿಸಿದೆ. ಅದರ ಕೊನೆಯ ಬಾಸ್, ಅಂದರೆ ಕೊನೆಗೆ ಎದುರಾಗುವ ದೊಡ್ಡ ಶತ್ರು, ಇಶ್ಶಿನ್ ಎಂಬ ಯೋಧ, ಕತ್ತಿವರಸೆಯಲ್ಲಿ ಎತ್ತಿದ ಕೈ. ಅವನೊಬ್ಬನನ್ನು ಸೋಲಿಸಲು ನನಗೆ ಹತ್ತೊಂಬತ್ತು ರಾತ್ರಿ ಬೇಕಾಯಿತು. ಊಟ ಆದಮೇಲೆ ಒಂದು ಗಂಟೆ, ಅಷ್ಟೇ.

ಇಶ್ಶಿನ್ ಸುಮ್ನೆ ಎದುರಿಗೆ ಬರುವುದಿಲ್ಲ. ಮೊದಲು ಅವನ ಮೊಮ್ಮಗ ಗೆನಿಚಿರೊನನ್ನು ಗೆಲ್ಲಬೇಕು. ಆಮೇಲೆ ಇಶ್ಶಿನ್‌ನನ್ನು ಮೂರು ಸಲ. ನಡುವೆ ಎಲ್ಲಿ ಪೂರ್ತಿ ಸೋತರೂ ಮತ್ತೆ ಗೆನಿಚಿರೊನಿಂದಲೇ ಶುರು. ಸೋತಾಗಲೆಲ್ಲ ಪರದೆ ತುಂಬಾ 'ಸಾವು' ಎಂಬ ಅರ್ಥದ ಕೆಂಪು ಜಪಾನಿ ಅಕ್ಷರ. ಮೊದಲ ರಾತ್ರಿ ಮೊಮ್ಮಗನನ್ನೇ ದಾಟಲು ಆಗಲಿಲ್ಲ. ಹತ್ತನೇ ರಾತ್ರಿಯ ಹೊತ್ತಿಗೆ ಒಂದು ಏಟೂ ತಿನ್ನದೆ ಅವನನ್ನು ಮುಗಿಸುತ್ತಿದ್ದೆ. ಅದು ನನಗೇ ಗೊತ್ತಾಗದ ಹಾಗೆ ಆಗಿತ್ತು. ಮಗಳು ಹೇಳಿದಾಗಲೇ ಗಮನಿಸಿದ್ದು.

ಇಲ್ಲೇ ಮುಖ್ಯ ವಿಷಯ ಇದೆ. ಎಷ್ಟೋ ಆಟಗಳಲ್ಲಿ ಸಣ್ಣಪುಟ್ಟ ಶತ್ರುಗಳನ್ನು ಹೊಡೆದು ಹೊಡೆದು ನಮ್ಮ ಪಾತ್ರದ ಬಲ ಹೆಚ್ಚಿಸಿಕೊಳ್ಳಬಹುದು. ಸೆಕಿರೊದಲ್ಲಿ ಆ ದಾರಿ ಬಹುತೇಕ ಮುಚ್ಚಿದೆ. ಹತ್ತೊಂಬತ್ತನೇ ರಾತ್ರಿ ಇಶ್ಶಿನ್ ಮೊದಲ ರಾತ್ರಿ ಎಷ್ಟು ಗಟ್ಟಿಯಾಗಿದ್ದನೋ ಅಷ್ಟೇ ಗಟ್ಟಿಯಾಗಿದ್ದ. ನನ್ನ ಕತ್ತಿಯೂ ಅದೇ. ಬದಲಾಗಿದ್ದು ನನ್ನ ಕಣ್ಣು ಮತ್ತು ಬೆರಳು ಮಾತ್ರ.

ಎರಡನೇ ಸುತ್ತಿನಲ್ಲಿ ಅವನು ಈಟಿ ತೆಗೆಯುತ್ತಾನೆ. ತಲೆಯ ಮೇಲೆ ಅಪಾಯದ ಕೆಂಪು ಗುರುತು ಮಿನುಗುತ್ತದೆ, ಈಟಿ ಎದೆಗೆ ನುಗ್ಗಿ ಬರುತ್ತದೆ. ಆಗ ಹಿಂದೆ ಹಾರುವುದು ಯಾರಿಗಾದರೂ ಸಹಜ. ಆದರೆ ಈಟಿಯ ಕಡೆಗೇ ಹೆಜ್ಜೆ ಇಟ್ಟು ಅದನ್ನು ಕಾಲಡಿ ಮೆಟ್ಟಬೇಕು. ಇದನ್ನು ಆಟ ಶುರುವಿನಲ್ಲೇ ಕಲಿಸಿರುತ್ತದೆ. ಹಾಳುಬಿದ್ದ ಗುಡಿಯ ಹತ್ತಿರ ಸಾಯಲಾರದ ಸೈನಿಕನೊಬ್ಬ ಇರುತ್ತಾನೆ, ಎಷ್ಟು ಬೇಕಾದರೂ ನನ್ನ ಮೇಲೆ ಅಭ್ಯಾಸ ಮಾಡು ಎನ್ನುತ್ತಾನೆ. ಆಗ ನಾನು ಎರಡು ಸಲ ಮಾಡಿ ಮುಂದೆ ಹೋಗಿದ್ದೆ. ಹನ್ನೆರಡನೇ ರಾತ್ರಿ ವಾಪಸ್ ಹೋಗಿ ಅವನ ಮುಂದೆ ನಿಂತೆ. ಒಂದು ಗಂಟೆ ಬರೀ ಅದೊಂದೇ ಹೆಜ್ಜೆ.

ಕೊನೆಯ ಸುತ್ತಿನಲ್ಲಿ ಸಿಡಿಲು. ನೆಲದ ಮೇಲಿದ್ದಾಗ ತಗುಲಿದರೆ ಕಥೆ ಮುಗಿಯಿತು. ಮೇಲೆ ಹಾರಿ, ಗಾಳಿಯಲ್ಲೇ ಸಿಡಿಲನ್ನು ಮೈಮೇಲೆ ತೆಗೆದುಕೊಂಡು, ಕಾಲು ನೆಲಕ್ಕೆ ತಾಗುವ ಮೊದಲೇ ಅವನ ಕಡೆಗೆ ಬೀಸಬೇಕು. "ಬೇಗ ಹಾರ್ತಿದ್ದೀಯಪ್ಪಾ, ಅವನು ಕತ್ತಿ ಎತ್ತಲಿ ತಾಳು" ಎಂದಳು ಮಗಳು. ತಾಳಿದೆ. ಅವನ ಸಿಡಿಲು ಅವನಿಗೇ ಬಡಿಯಿತು. ಅವನು ಒಂದು ಕ್ಷಣ ನಡುಗಿ ನಿಂತ. ಆ ಕ್ಷಣ ನನ್ನ ಅಂಗೈ ಎಷ್ಟು ಬೆವರಿತ್ತೆಂದರೆ ಕಂಟ್ರೋಲರ್ ಜಾರುತ್ತಿತ್ತು.

ಅವನು ಕೊನೆಗೆ ಮಂಡಿಯೂರಿದಾಗ ನಾನು ಕೂಗಲಿಲ್ಲ. ಕಂಟ್ರೋಲರ್ ತೊಡೆಯ ಮೇಲಿಟ್ಟು ಸುಮ್ಮನೆ ನೋಡುತ್ತಾ ಕೂತೆ. ಆಗ ನೆನಪಾಯಿತು: ಆಟದ ಶುರುವಿನಲ್ಲಿ ಗೆನಿಚಿರೊ ನಮ್ಮ ನಾಯಕನ ಕೈ ಕಡಿದಿದ್ದೂ ಇದೇ ಹುಲ್ಲುಗಾವಲಿನಲ್ಲಿ. ಶುರುವಾದ ಜಾಗಕ್ಕೇ ತಂದು ಮುಗಿಸಿದ್ದಾರೆ. ಹೆಸರುಗಳ ಪಟ್ಟಿ ಪರದೆಯ ಮೇಲೆ ಸಾಗುವಾಗ ಒಂದನ್ನೂ ಬಿಡದೆ ಓದಿದೆ. ಆಟ ಕಟ್ಟಿದವರಿಗೆ ಅಷ್ಟಾದರೂ ಸಲ್ಲಬೇಕು ಅನ್ನಿಸಿತು.

ಚಿಕ್ಕವನಿದ್ದಾಗ ಇದು ನನಗೆ ತಪ್ಪಿ ಹೋಗಿತ್ತು. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಬಲ್ಲವರಿಗೆ ಗೊತ್ತು, ಎಂಟು ಲೋಕಗಳ ಕೊನೆಗೆ ಒಂದು ಕೋಟೆ. ಅದರೊಳಗೆ ತಪ್ಪು ಕೊಳವೆಗೆ ಇಳಿದರೆ ಮತ್ತೆ ಹಿಂದಕ್ಕೆ ಬಂದು ಬೀಳುತ್ತೇವೆ. ಆಟವನ್ನು ಉಳಿಸಿಡುವ ಸೌಲಭ್ಯವೂ ಇರಲಿಲ್ಲ, ಸ್ವಿಚ್ ಆರಿಸಿದರೆ ಎಲ್ಲ ಮೊದಲಿಂದ. ನಾನು ಮೊದಲ ಸಲ ಆ ಕೋಟೆಯೊಳಗೆ ಕಾಲಿಟ್ಟಿದ್ದೆ. ಮನೆಯ ಹಿರಿಯರೊಬ್ಬರು "ಸಾಕಿನ್ನು" ಎಂದು ಪ್ಲಗ್ ಕಿತ್ತರು. ಅವರಿಗೆ ಅದು ಬರೀ ಆಟ, ಯಾವಾಗ ಬೇಕಾದರೂ ನಿಲ್ಲಿಸಬಹುದಾದದ್ದು. ಮೂವತ್ತು ವರ್ಷ ದಾಟಿದರೂ ಆ ಕಪ್ಪಾದ ಪರದೆ ನನ್ನ ಕಣ್ಣ ಮುಂದಿದೆ.

ಇನ್ನು ಕೊನೆಯಿಲ್ಲದ ಆಟಗಳು. ಒಂದು ಸೀಸನ್ ಮುಗಿಯುತ್ತಿದ್ದಂತೆ ಇನ್ನೊಂದು ಶುರು. ಇವತ್ತು ಬರದಿದ್ದರೆ ಇವತ್ತಿನ ಬಹುಮಾನ ತಪ್ಪಿತು. ಎದ್ದು ಹೋಗಲು ಅಲ್ಲಿ ಒಂದು ಬಾಗಿಲೇ ಇಲ್ಲ. ಸ್ನೇಹಿತರ ಜೊತೆ ಆಡುವ ಖುಷಿ ಅದರಲ್ಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ತಂದೆತಾಯಿಗಳ ಚಿಂತೆಗೆ ಜಾಸ್ತಿ ಕಾರಣ ಈ ಬಗೆಯವು ಎಂದೇ ನನ್ನ ಅಭಿಪ್ರಾಯ. ಹಾಗಾಗಿ "ಎಷ್ಟು ಹೊತ್ತು ಆಡ್ತೀಯಾ" ಎಂದು ಕೇಳುವ ಮೊದಲು "ಈ ಆಟಕ್ಕೆ ಕೊನೆ ಇದೆಯಾ? ಎಲ್ಲಿಗೆ ಬಂದಿದ್ದೀಯಾ?" ಎಂದು ಮಕ್ಕಳನ್ನು ಕೇಳಿ ನೋಡಿ. ಕೊನೆಯ ಬಾಸ್ ಹತ್ತಿರ ಇದ್ದೇನೆ ಅಂದರೆ ಇನ್ನೊಂದು ಹತ್ತು ನಿಮಿಷ ಕೊಡಿ.

ಕಷ್ಟವಾದರೆ ಸುಲಭ ಮಾಡಿಕೊಂಡು ಮುಗಿಸಿದರೂ ತಪ್ಪಿಲ್ಲ. ಬೆಟ್ಟ ಹತ್ತುವ, 2018ರ 'ಸೆಲೆಸ್ಟ್' ಆಟದಲ್ಲಿ ವೇಗ ತಗ್ಗಿಸಿಕೊಳ್ಳಬಹುದು, ಸಾವೇ ಬರದ ಹಾಗೂ ಮಾಡಿಕೊಳ್ಳಬಹುದು. ಅದನ್ನು ಕೀಳಾಗಿ ನೋಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೆರಳು ನೋವಿರುವವರೂ ಆ ಬೆಟ್ಟದ ತುದಿ ನೋಡಬೇಕು, ಅಲ್ವಾ?

ಪುಸ್ತಕ ಓದಿ ಮುಗಿಸಿದವರು, ಸಿನಿಮಾ ನೋಡಿದವರು ನಿಮ್ಮ ಪುಟಗಳಲ್ಲಿ ಬರೆಯುತ್ತಾರೆ. ಆಟ ಮುಗಿಸಿದವರಿಗೂ ವಾರಕ್ಕೊಂದು ಮೂಲೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಮಗಳು ಈಗ 'ಹಾಲೋ ನೈಟ್' ಆಟದ ಕೊನೆಗೆ ಬಂದಿದ್ದಾಳೆ. ಅಲ್ಲೂ ಹಾಗೇ, ಕೊನೆಯ ಬಾಸ್ ರೇಡಿಯನ್ಸ್ ಎದುರು ಸೋತರೆ ಅದರ ಹಿಂದಿನ ಬಾಸ್‌ನನ್ನು ಮತ್ತೆ ಗೆಲ್ಲಬೇಕು. ನಿನ್ನೆ ರಾತ್ರಿ ಆರು ಸಲ ಸೋತಳು. ನಾನು ಪಕ್ಕದಲ್ಲೇ ಕೂತಿದ್ದೆ. ಏನೂ ಹೇಳಿಕೊಡಬೇಡ ಅಂದಿದ್ದಾಳೆ.

ಇತಿ,
ನಿಮ್ಮ ಓದುಗ