ಮಳೆಗೆ ಪಂಚಾಂಗವಿಲ್ಲದ ನಾಡು

ಊರಿನಲ್ಲಿ ಮಳೆಗೆ ಹೆಸರಿರುತ್ತದೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಮ್ಮೆ ಬದಲಾಗುವ ಮಳೆನಕ್ಷತ್ರಗಳನ್ನು ನೋಡಿಕೊಂಡೇ ನಮ್ಮ ಹಿರಿಯರು ಬಿತ್ತನೆಗೆ ಇಳಿಯುತ್ತಿದ್ದರು. ಕೈಕೊಟ್ಟರೂ ಯಾವ ಮಳೆ ಕೈಕೊಟ್ಟಿತೆಂದು ಹೇಳಲು ಬರುತ್ತಿತ್ತು. ನಾವೀಗ ನೆಲೆಸಿರುವ ಆಸ್ಟ್ರೇಲಿಯಾದ ಒಳನಾಡಿನ ಬಹುಭಾಗದಲ್ಲಿ ಈ ಲೆಕ್ಕ ನಡೆಯದು. ಪೆಸಿಫಿಕ್ ಸಾಗರದ ಎಲ್ ನಿನೊ, ಲಾ ನಿನಾಗಳ ಏರಿಳಿತಕ್ಕೆ ಸಿಕ್ಕಿದ ಈ ಖಂಡದಲ್ಲಿ ಬರವೂ ನೆರೆಯೂ ಹೇಳಿಕೇಳಿ ಬರುವುದಿಲ್ಲ. ಮೋಡ ತಡೆದು ಮಳೆ ಸುರಿಸುವಂಥ ಎತ್ತರದ ಬೆಟ್ಟಸಾಲು ನಡುನಾಡಿನಲ್ಲಿಲ್ಲ. ಅತ್ಯುನ್ನತ ಶಿಖರ ಕಾಸಿಯಸ್ಕೊ ಕೂಡ 2,228 ಮೀಟರ್ ಮಾತ್ರ, ಅದೂ ಆಗ್ನೇಯದ ಅಂಚಿನಲ್ಲಿ. ಮಣ್ಣು ಬಹಳ ಹಳೆಯದು, ರಂಜಕ ಕಡಿಮೆ. ನೊಗಕ್ಕೆ ಕಟ್ಟಬಹುದಾದ ಪ್ರಾಣಿಯಂತೂ ಇರಲೇ ಇಲ್ಲ.

ಇಲ್ಲಿನ ಮೂಲನಿವಾಸಿಗಳು ಏಕೆ ನಗರ ಕಟ್ಟಲಿಲ್ಲ ಎಂಬ ಪ್ರಶ್ನೆ ನಮ್ಮ ಹಬ್ಬದೂಟದ ಪಂಕ್ತಿಯಲ್ಲೂ ಏಳುವುದುಂಟು. ಮೇಲಿನ ಸಂಗತಿಗಳು ಉತ್ತರದ ಅರ್ಧಭಾಗವಷ್ಟೇ. ನೀರು ಎಲ್ಲಿ ನಂಬಿಕೆಗೆ ಅರ್ಹವಾಗಿತ್ತೋ ಅಲ್ಲಿ ಅವರು ಕಟ್ಟಿದರು. ವಿಕ್ಟೋರಿಯಾದ ನೈರುತ್ಯದಲ್ಲಿರುವ ಬಜ್ ಬಿಮ್ ಎಂಬಲ್ಲಿ, ಜ್ವಾಲಾಮುಖಿ ಉಗುಳಿದ ಕಪ್ಪುಕಲ್ಲಿನ ನಡುವೆ, ಗುಂಡಿಚ್‌ಮಾರ ಜನ ಕಾಲುವೆ ತೋಡಿ, ಒಡ್ಡು ಕಟ್ಟಿ, ಹಾವುಮೀನುಗಳನ್ನು ಸಾಕಿ ಹಿಡಿಯುತ್ತಿದ್ದರು. ಒಡ್ಡಿನ ಕಂಡಿಗೆ ಹುಲ್ಲಿನಿಂದ ಹೆಣೆದ ಉದ್ದನೆಯ ಬುಟ್ಟಿ ಇಡುವ ಅವರ ಕ್ರಮ ಮಲೆನಾಡಿನವರಿಗೆ ಕೂಣಿಯನ್ನು ನೆನಪಿಸದೆ ಇರದು. ಆ ಕಾಲುವೆಗಳ ಅತಿ ಹಳೆಯ ಭಾಗಕ್ಕೆ ಸುಮಾರು 6,600 ವರ್ಷ. 2019ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೇಗಿಲಿದ್ದರೆ ಮಾತ್ರ ನಾಗರಿಕತೆ ಎನ್ನುವ ಅಳತೆಗೋಲು ನಮ್ಮ ಕಪ್ಪುಮಣ್ಣಿನ ಸೀಮೆಗೆ ಸರಿಹೊಂದೀತು, ಇಲ್ಲಿಗಲ್ಲ.

ನೇಗಿಲು ಹಿಡಿದು ಬಂದವರ ಕಥೆಯೂ ಇದೆ. ದಕ್ಷಿಣ ಆಸ್ಟ್ರೇಲಿಯಾದ ಸರ್ವೇಯರ್ ಜನರಲ್ ಜಾರ್ಜ್ ಗೊಯ್ಡರ್ 1865ರಲ್ಲಿ, ಬರದ ನಡುವೆ, ಕುದುರೆಯೇರಿ ಉತ್ತರದ ನೆಲವನ್ನು ಸುತ್ತಿದರು. ಮಳೆಮಾಪಕದ ದಾಖಲೆ ತೀರ ವಿರಳವಾಗಿದ್ದ ಆ ಕಾಲದಲ್ಲಿ ಅವರು ಓದಿದ್ದು ಗಿಡಗಂಟಿಗಳನ್ನು: ಮ್ಯಾಲೀ ಜಾತಿಯ ಗಿಡ್ಡ ನೀಲಗಿರಿಗಳು ಮುಗಿದು ಬೂದುಬಣ್ಣದ ಸಾಲ್ಟ್‌ಬುಷ್ ಕುರುಚಲು ಎಲ್ಲಿ ಶುರುವಾಗುತ್ತದೋ ಅಲ್ಲೊಂದು ಗೆರೆ ಎಳೆದು, ಇದರಾಚೆ ಬೇಸಾಯ ಬೇಡ ಎಂದರು. ವರ್ಷಕ್ಕೆ ಸುಮಾರು 250ರಿಂದ 300 ಮಿಲಿಮೀಟರ್ ಮಳೆಯ ಗಡಿ ಅದೆಂದು ಅನಂತರದ ಅಳತೆಗಳು ತೋರಿಸಿದವು. ಆದರೆ ಮುಂದೆ ಕೆಲವು ವರ್ಷ ಮಳೆ ಚೆನ್ನಾಯಿತು. ಉತ್ತಲ್ಲಿಗೆ ಮಳೆ ಹಿಂಬಾಲಿಸಿ ಬರುತ್ತದೆಂದು ಜನ ನಂಬಿದರು, ಸರ್ಕಾರವೂ 1874ರಲ್ಲಿ ಗೆರೆಯ ನಿರ್ಬಂಧವನ್ನು ಕೈಬಿಟ್ಟಿತು. 1880ರ ದಶಕದ ಬರಗಳಲ್ಲಿ ಗೆರೆಯಾಚೆಯ ರೈತರು ಬಿತ್ತಿದ ಬೀಜವನ್ನೂ ಕಳೆದುಕೊಂಡು, ಕಲ್ಲಿನ ಮನೆಗಳನ್ನು ಹಾಗೆಯೇ ಬಿಟ್ಟು ಹೊರಟರು.

ಗೆರೆಯಿಂದ ಬಹುದೂರ ಉತ್ತರದಲ್ಲಿ, 1878ರಲ್ಲಿ, ಗೋಧಿಯ ಆಸೆಯಿಂದ ಒಂದು ಪಟ್ಟಣಕ್ಕೆ ಫರೀನಾ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಹಿಟ್ಟು ಎಂದರ್ಥ. ಈಗ ಅಲ್ಲಿ ಪಾಳುಗೋಡೆಗಳಿವೆ. ನೆಲದಡಿಯ ಹಳೆಯ ಬೇಕರಿಯ ಒಲೆಯನ್ನು ಸ್ವಯಂಸೇವಕರು ಚಳಿಗಾಲದಲ್ಲಿ ಕೆಲವು ವಾರ ಹೊತ್ತಿಸಿ ಪ್ರವಾಸಿಗರಿಗೆ ಬ್ರೆಡ್ ಸುಟ್ಟು ಕೊಡುತ್ತಾರೆ. ಹಿಟ್ಟನ್ನು ಬೇರೆಡೆಯಿಂದ ತರಬೇಕು.